ಗುಡ್ಡದ ಮೇಲಿನ ಅಟ್ಟಣಿಗೆ: ಜನರ ಭಾರಕ್ಕೆ ಗಾಳಿಯ ಲೆಕ್ಕ ಕೂಡಿಸುವುದು ಹೇಗೆ?

ಸೂರ್ಯಾಸ್ತ ನೋಡಲೆಂದು ಹೋಮ್‌ಸ್ಟೇ, ರೆಸಾರ್ಟ್‌ಗಳ ಗುಡ್ಡದ ತುದಿಯಲ್ಲಿ ಕಬ್ಬಿಣದ ಅಟ್ಟಣಿಗೆ ಕಟ್ಟಿ, ಮೇಲೊಂದು ತಗಡಿನ ಮಾಡು ಹಾಕುತ್ತಾರೆ. ತೊಲೆಗಳು ಬೇಕಾದ್ದಕ್ಕಿಂತ ದಪ್ಪ ಇರುತ್ತವೆ, ಕಂಬದ ಬುಡ ಮಾತ್ರ ಬಡಕಲು. ಜನರನ್ನೂ ಗಾಳಿಯನ್ನೂ ಒಂದೇ ಮೊತ್ತದಲ್ಲಿ ಸೇರಿಸಿಬಿಡುವುದೇ ಇದಕ್ಕೆ ಕಾರಣ.

ಉದಾಹರಣೆಗೆ 4 ಮೀಟರ್ ಚೌಕದ ಅಟ್ಟಣಿಗೆ, ಮೂಲೆಗೊಂದು ಕಂಬ, ಅಷ್ಟೇ ಅಗಲದ ಚಪ್ಪಟೆ ಮಾಡು ಎಂದಿಟ್ಟುಕೊಳ್ಳಿ.

1. ಸ್ವಂತ ಭಾರ. ಕಬ್ಬಿಣ, ಹಲಗೆ, ತಗಡು ಸೇರಿ 16 ಕಿಲೋನ್ಯೂಟನ್. (1 ಕಿಲೋನ್ಯೂಟನ್ ಎಂದರೆ ಸುಮಾರು 100 ಕಿಲೊ ಭಾರ.)

2. ಜನ. ಕುರ್ಚಿ ಜೋಡಿಸಿರದ, ಜನ ಗುಂಪುಗೂಡುವ ಜಾಗಕ್ಕೆ ಕಟ್ಟಡದ ಭಾರಗಳ ಭಾರತೀಯ ಮಾನಕವಾದ ಐಎಸ್ 875ರ ಎರಡನೇ ಭಾಗ ಚದರ ಮೀಟರಿಗೆ 5 ಕಿಲೋನ್ಯೂಟನ್ ಹೇಳುತ್ತದೆ. 16 ಚದರ ಮೀಟರಿಗೆ 80. ಮನೆಯ ಬಾಲ್ಕನಿಯ 3 ಇಲ್ಲಿ ಬೇಡವೇ ಬೇಡ. ಕಟಕಟೆಗೆ ಅಡ್ಡಲಾಗಿ ಮೀಟರಿಗೆ 2.25 ಬೇಕು, ಬಸ್ ಬಂದಿಳಿದವರೆಲ್ಲ ಒರಗುವುದು ಅದಕ್ಕೇ.

3. ಗಾಳಿ. ಲೆಕ್ಕಕ್ಕೆ ಹಿಡಿಯುವ ಮೂಲ ವೇಗ ಬೆಂಗಳೂರು, ಮೈಸೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39. ವೇಗದ ವರ್ಗವನ್ನು 0.6ರಿಂದ ಗುಣಿಸಿದರೆ ಒತ್ತಡ ಸಿಗುತ್ತದೆ: 33ಕ್ಕೆ ಚದರ ಮೀಟರಿಗೆ 0.65 ಕಿಲೋನ್ಯೂಟನ್. ಇಷ್ಟಕ್ಕೇ ನಿಲ್ಲಿಸಬೇಡಿ. ಕಡಿದಾದ ಗುಡ್ಡದ ನೆತ್ತಿಯಲ್ಲಿ ವೇಗವನ್ನು 1.36ರವರೆಗೆ ಗುಣಿಸಬೇಕಾಗುತ್ತದೆ. ವರ್ಗ ಮಾಡಿದಾಗ ಅದು 1.85 ಪಟ್ಟು, ಒತ್ತಡ 1.21. ಮಾಡಿನ ಗುಣಾಂಕ (ಒತ್ತಡದ ಎಷ್ಟು ಪಾಲು ಮಾಡನ್ನು ಎತ್ತುತ್ತದೆ ಎಂಬುದು) 1 ಎಂದಿಟ್ಟರೆ, 16 ಚದರ ಮೀಟರ್ ಮಾಡನ್ನು ಎತ್ತುವ ಬಲ 19.4 ಕಿಲೋನ್ಯೂಟನ್.

4. ಕೂಡಿಸುವುದು. ಒಂದಲ್ಲ, ಮೂರು ಲೆಕ್ಕ ಮಾಡಿ.

ಮೊದಲನೆಯದರಲ್ಲಿ ಜನ ಕಿಕ್ಕಿರಿದಿದ್ದಾರೆ, ಗಾಳಿ ಇಲ್ಲ. ಸುರಕ್ಷತೆಗೆಂದು ಭಾರವನ್ನು 1.5ರಿಂದ ಗುಣಿಸಿ: 1.5 × (16 + 80) = 144. ಹಲಗೆ, ತೊಲೆಗಳ ಗಾತ್ರ ಇಲ್ಲಿ ನಿರ್ಧಾರವಾಗುತ್ತದೆ.

ಎರಡನೆಯದರಲ್ಲಿ ಜನರೂ ಇದ್ದಾರೆ, ಗಾಳಿಯೂ ಇದೆ. ಸ್ವಂತ ಭಾರ, ಜನ, ಗಾಳಿ ಮೂರನ್ನೂ 1.2ರಿಂದ ಗುಣಿಸಿ. ಜನರೇ ಮುಖ್ಯ ಭಾರವಾದಾಗ ಗಾಳಿಗೆ 0.6 ಸಾಕೆಂದು ಉಕ್ಕಿನ ಕಟ್ಟಡಗಳ ಮಾನಕವಾದ ಐಎಸ್ 800ರಲ್ಲಿ ಇದೆ. ಇಷ್ಟು ಸಣ್ಣ ಕಟ್ಟಡದಲ್ಲಿ ಆ ಉಳಿತಾಯ ಬೇಡ. ಕಂಬಕ್ಕೆ ಗಾತ್ರ ಹುಡುಕುವಾಗ ಮಾಡನ್ನು ಎತ್ತುವ ಗಾಳಿಯನ್ನು ಇಲ್ಲಿ ತರಬೇಡಿ, ಅದು ಕಂಬದ ಭಾರವನ್ನು ಸುಳ್ಳೇ ಇಳಿಸುತ್ತದೆ. ಮಾಡನ್ನು ಕೆಳಕ್ಕೆ ಒತ್ತುವ ಗಾಳಿ, ಪಕ್ಕದಿಂದ ತಳ್ಳುವ ಗಾಳಿ ಎರಡನ್ನು ಇಡಿ. ಅಟ್ಟಣಿಗೆ ಕಂಬದಾಚೆ ಚಾಚಿದ್ದರೆ, ಚಾಚಿದ ಭಾಗದಲ್ಲಷ್ಟೇ ಜನ ನಿಂತಂತೆ ಇನ್ನೊಮ್ಮೆ ನೋಡಿ.

ಎಲ್ಲರೂ ಎಡವುವುದು ಮೂರನೆಯದರಲ್ಲಿ. 16ಕ್ಕೆ 80 ಕೂಡಿಸಿ 19.4 ಕಳೆದರೆ 76.6 ಕೆಳಮುಖವಾಗಿಯೇ ಉಳಿಯುತ್ತದೆ, ‘ಮೇಲೇಳುವ ಪ್ರಶ್ನೆಯೇ ಇಲ್ಲ’ ಎನಿಸುತ್ತದೆ. ಆದರೆ ಬಿರುಗಾಳಿ ಬೀಸುವ ಮಳೆಯ ರಾತ್ರಿ ಅಲ್ಲಿ ಒಬ್ಬರೂ ಇರುವುದಿಲ್ಲ. ಆದ್ದರಿಂದ ಜನರ ಭಾರ ಸೊನ್ನೆ, ಹಿಡಿದಿಡುವ ಸ್ವಂತ ಭಾರವನ್ನು ಕಡಿಮೆ ಹಿಡಿದು 0.9, ಗಾಳಿಗೆ 1.5: 29 ಕಳೆ 14.4, ಅಂದರೆ 14.6 ಮೇಲ್ಮುಖ. ಕಂಬಕ್ಕೆ 3.65. ಪಕ್ಕದ ಗಾಳಿ 4 ಮೀಟರ್ ಎತ್ತರದಲ್ಲಿ 5 ಕಿಲೋನ್ಯೂಟನ್ ತಳ್ಳಿದರೆ, ಗಾಳಿ ಬರುವ ಬದಿಯ ಒಂದೊಂದು ಕಂಬಕ್ಕೆ ಮತ್ತೆ 2.5, 1.5ರಿಂದ ಗುಣಿಸಿ 3.75. ಒಟ್ಟು 7.4, ಹತ್ತಿರಹತ್ತಿರ 750 ಕಿಲೊ ಎಳೆತ.

5. ಬುಡ. 60 ಸೆಂ.ಮೀ. ಘನದ ಕಾಂಕ್ರೀಟು 5.2 ಕಿಲೋನ್ಯೂಟನ್ ತೂಗುತ್ತದೆ, ಸಾಲದು. 75 ಸೆಂ.ಮೀ. ಘನ 10.1, ಅದರ 0.9 ಪಾಲು 9.1, ಸಾಕು. ಕಾಂಕ್ರೀಟು ಹಾಕುವಾಗಲೇ ಆ್ಯಂಕರ್ ಬೋಲ್ಟ್ ಹೂತಿಡಿ. ಆಮೇಲೆ ರಂಧ್ರ ಕೊರೆದು ಬಡಿಯುವ ಎಕ್ಸ್‌ಪಾನ್ಷನ್ ಬೋಲ್ಟನ್ನು ಅಂಚಿಗೆ ಹತ್ತಿರ ಹಾಕಿದರೆ ಕಾಂಕ್ರೀಟೇ ಸೀಳುತ್ತದೆ.

6. ತಗಡು. ತೆಳು ಪೈಪಿಗೆ ಹಾಕಿದ ಸ್ಕ್ರೂ ಎಳೆತಕ್ಕೆ ಕಿತ್ತು ಬರುತ್ತದೆ, 2 ಮಿ.ಮೀ.ಗಿಂತ ತೆಳುವಾದ ಅಡ್ಡಪಟ್ಟಿ ಬೇಡ. ಅಂಚು, ಮೂಲೆಗಳಲ್ಲಿ ಎಳೆತ ಹೆಚ್ಚು. ಅಲ್ಲಿ ಸ್ಕ್ರೂಗಳ ಅಂತರವನ್ನು ಅರ್ಧ ಮಾಡಿ. ಮಳೆಗಾಲದಲ್ಲಿ ಎರಚಲು ತಡೆಯಲು ಪಕ್ಕಕ್ಕೆ ಟಾರ್ಪಾಲು ಕಟ್ಟುವ ಯೋಚನೆ ಇದ್ದರೆ ಮೂರನೇ ಲೆಕ್ಕವನ್ನು ಮೊದಲಿನಿಂದ ಮಾಡಿ: ಮಾಡಿನಡಿ ಗಾಳಿ ಸಿಕ್ಕಿಬಿದ್ದರೆ ಎತ್ತುವ ಬಲವೂ ಪಕ್ಕದ ತಳ್ಳುವಿಕೆಯೂ ಒಟ್ಟಿಗೇ ಏರುತ್ತವೆ.