ಕೆಂಪು ಮಾತ್ರೆ ಹಾಲಿನ ಜೊತೆ ಬೇಡ

ಬಸುರಿಯರ ಮನೆಗೆ ಹೋದಾಗ ನಾನು ಕೇಳುವ ಮೊದಲ ಪ್ರಶ್ನೆ, 'ಕೆಂಪು ಮಾತ್ರೆ ಎಲ್ಲಿಟ್ಟಿದ್ದೀಯಮ್ಮ?' ಕೆಂಪು ಮಾತ್ರೆ ಅಂದರೆ ರಕ್ತ ಏರಿಸುವ ಕಬ್ಬಿಣದ ಮಾತ್ರೆ. ಎಷ್ಟೋ ಸಲ ಸಕ್ಕರೆ ಡಬ್ಬಿಯ ಹಿಂದಿನಿಂದ ಒಡೆಯದ ಶೀಟುಗಳು ಬರುತ್ತವೆ. ಇನ್ನು ಕೆಲವರು ಒಂದು ದಿನವೂ ಬಿಡದೆ ನುಂಗಿರುತ್ತಾರೆ, ಆದರೂ ರಕ್ತ ಏರಿರುವುದಿಲ್ಲ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ಬಸುರಿಯರಲ್ಲಿ ಶೇ 52ರಷ್ಟು ಮಂದಿಗೆ ರಕ್ತಹೀನತೆ ಇದೆ.

ಮೊದಲು ಹಿಮೋಗ್ಲೋಬಿನ್ ಪರೀಕ್ಷೆ. 11 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ. 7ಕ್ಕಿಂತ ಇಳಿದರೆ ಮನೆಮದ್ದಿನ ಮಾತೇ ಬೇಡ, ಆಸ್ಪತ್ರೆಗೆ ಹೊರಡಿ.

ನಾಲ್ಕನೇ ತಿಂಗಳಿಂದ ದಿನಕ್ಕೊಂದು ಮಾತ್ರೆ, 180 ದಿನ. ರಕ್ತ ಕಡಿಮೆ ಇದ್ದರೆ ಎರಡು ಬೇಕಾಗಬಹುದು, ಅದನ್ನು ಡಾಕ್ಟರೇ ಹೇಳಲಿ. ಜಂತುಹುಳದ ಮಾತ್ರೆಯನ್ನೂ ಅವರು ಹೇಳಿದಾಗ ತಗೊಳ್ಳಿ.

ಎಡವುವುದು ಹೊತ್ತಿನ ವಿಷಯದಲ್ಲಿ. ಅತ್ತೆ ಪ್ರೀತಿಯಿಂದ ಬಿಸಿ ಹಾಲು ತಂದುಕೊಡುತ್ತಾರೆ, ಸೊಸೆ ಅದರಲ್ಲೇ ಮಾತ್ರೆ ನುಂಗುತ್ತಾಳೆ. ಹಾಲಿನ ಕ್ಯಾಲ್ಸಿಯಂ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಕಾಫಿ, ಟೀ ಇನ್ನೂ ಕೆಟ್ಟದ್ದು. ಅವುಗಳಲ್ಲಿರುವ ಟ್ಯಾನಿನ್ ಹೊಟ್ಟೆಯಲ್ಲೇ ಕಬ್ಬಿಣವನ್ನು ಹಿಡಿದುಕೊಳ್ಳುತ್ತದೆ. ಆಸ್ಪತ್ರೆಯಲ್ಲಿ ಕೊಡುವ ಕ್ಯಾಲ್ಸಿಯಂ ಮಾತ್ರೆಯನ್ನೂ ಇದರ ಜೊತೆಗೇ ನುಂಗಿಬಿಡುವವರು ಜಾಸ್ತಿ. ಹಾಗೆ ಮಾಡಬೇಡಿ. ಕ್ಯಾಲ್ಸಿಯಂ ಬೆಳಗಿನ ತಿಂಡಿಗೊಂದು, ಮಧ್ಯಾಹ್ನದ ಊಟಕ್ಕೊಂದು ಇರಲಿ. ಕೆಂಪು ಮಾತ್ರೆ ರಾತ್ರಿ. ಎಂಟಕ್ಕೆ ಊಟವಾದರೆ ಹತ್ತಕ್ಕೆ ನುಂಗಿ, ನಿಂಬೆಹಣ್ಣಿನ ಪಾನಕದ ಜೊತೆ. ಹುಳಿ ಇದ್ದರೆ ಕಬ್ಬಿಣ ಚೆನ್ನಾಗಿ ಹತ್ತುತ್ತದೆ. ರಾತ್ರಿಯೇ ಒಳ್ಳೆಯದು ಅಂತ ನಾನು ಹಟ ಹಿಡಿಯುವುದಕ್ಕೆ ಕಾರಣವಿದೆ. ಹೊಟ್ಟೆ ತೊಳಸಿದರೂ ಅಷ್ಟರಲ್ಲಿ ನಿದ್ದೆ ಬಂದಿರುತ್ತದೆ. ಆದರೂ ತಡೆಯದಿದ್ದರೆ ಊಟವಾದ ಕೂಡಲೇ ತಗೊಳ್ಳಿ. ಸ್ವಲ್ಪ ಕಡಿಮೆ ಹತ್ತಿದರೂ ಪರವಾಗಿಲ್ಲ, ಬಿಡುವುದು ಮಾತ್ರ ಬೇಡ. ಮಲ ಕಪ್ಪಾಗುವುದು ಸಹಜ, ಹೆದರಬೇಡಿ.

'ಮಾತ್ರೆ ತಿಂದರೆ ಮಗು ಕಪ್ಪಾಗುತ್ತೆ' ಅನ್ನುವ ಮಾತು ಶುದ್ಧ ಸುಳ್ಳು. ರಕ್ತ ಕಡಿಮೆಯಾದರೆ ಏನಾಗುತ್ತದೆ ಅನ್ನುವುದು ಮಾತ್ರ ನಿಜ. ದಿನ ತುಂಬುವ ಮೊದಲೇ ಹೆರಿಗೆಯಾಗಬಹುದು, ಮಗು ಎರಡೂವರೆ ಕಿಲೋ ತೂಗದೇ ಇರಬಹುದು. ಹುಟ್ಟಿದ ಮೇಲೆ ಆರು ತಿಂಗಳು ಮಗು ಬದುಕುವುದು ತಾಯಿಯ ಹೊಟ್ಟೆಯಲ್ಲಿ ಕೂಡಿಟ್ಟುಕೊಂಡ ಕಬ್ಬಿಣದಿಂದಲೇ. ತಾಯಿಹಾಲಿನಲ್ಲಿ ಅದು ತೀರಾ ಕಡಿಮೆ. ಇನ್ನು ತಾಯಿಗೆ, ಬೇರೆಯವರು ತಡೆದುಕೊಳ್ಳುವಷ್ಟು ರಕ್ತಸ್ರಾವವೂ ಜೀವಕ್ಕೆ ಕುತ್ತಾಗಬಹುದು.

ಬೀಟ್‌ರೂಟ್ ಜ್ಯೂಸು, ಖರ್ಜೂರದ ಸಿರಪ್ಪು, 'ರಕ್ತ ಏರಿಸುವ' ದುಬಾರಿ ಪುಡಿಗಳಿಗೆ ಸುಮ್ನೆ ದುಡ್ಡು ಸುರಿಯಬೇಡಿ. ಬಣ್ಣ ಕೆಂಪಾದ ಮಾತ್ರಕ್ಕೆ ಅದು ರಕ್ತವಾಗುವುದಿಲ್ಲ ಅಲ್ವಾ? ಅದೇ ದುಡ್ಡಿಗೆ ನುಗ್ಗೆಸೊಪ್ಪು, ಹುರುಳಿಕಾಳು ತನ್ನಿ, ಮೇಲೆ ನಿಂಬೆ ಹಿಂಡಿ. ಮಾಂಸ, ಮೀನು ತಿನ್ನುವವರು ಧಾರಾಳವಾಗಿ ತಿನ್ನಿ.

ತಿಂಗಳಾದ ಮೇಲೆ ಮತ್ತೆ ಪರೀಕ್ಷೆ ಮಾಡಿಸಿ. ಒಂದು ಗ್ರಾಂ ಕೂಡ ಏರದಿದ್ದರೆ ಡಾಕ್ಟರ ಹತ್ತಿರ ಕಾರಣ ಕೇಳಿ. ಡ್ರಿಪ್‌ನಲ್ಲಿ ಕಬ್ಬಿಣ ಕೊಡುತ್ತೇವೆ ಅಂದರೆ ಬೇಡ ಅನ್ನಬೇಡಿ.

ಹೆರಿಗೆ ಚೀಲ ಕಟ್ಟುವಾಗ ಮಗುವಿನ ಬಟ್ಟೆಯ ಜೊತೆ ಕೆಂಪು ಮಾತ್ರೆಯ ಶೀಟನ್ನೂ ಇಡಿ. ಬಾಣಂತಿಗೆ ಅದು ಇನ್ನೂ 180 ದಿನ ಬೇಕು.