ಬಣ್ಣ ಹಾಕಿದ ನೂಲಿನಿಂದ ಸಾಬೂನನ್ನು ಹೊರಡಿಸುವುದು ಹೇಗೆ

ಇಳಕಲ್ ಸೀರೆಯ ಒಡಲಿಗೆ ಬೇಕಾದ ಹತ್ತಿ ನೂಲಿಗೆ ಬಣ್ಣ ಹಾಕುವುದು ನನ್ನ ಕಸುಬು. ನಮ್ಮ ಸೀರೆಯ ಸೆರಗು ಕೆಂಪು, ಅದರೊಳಗೆ ಬಿಳಿ ವಿನ್ಯಾಸ. ಒಡಲಿನ ಕಡುನೀಲಿ ಮೊದಲ ಒಗೆತದಲ್ಲೇ ಆ ಬಿಳಿಗೆ ತಗುಲಿತೆಂದರೆ ನೇಕಾರರು ನೇರವಾಗಿ ನನ್ನ ಶೆಡ್ಡಿಗೇ ಬರುತ್ತಾರೆ. ಈ ಹೆದರಿಕೆಯಿಂದಲೇ ಬಣ್ಣದವರು ಸೋಪಿಂಗ್ ಹಂಡೆಗೆ, ಅಂದರೆ ಬಣ್ಣ ಹಾಕಿದ ನೂಲನ್ನು ಸಾಬೂನು ನೀರಿನಲ್ಲಿ ಕುದಿಸುವ ಹಂಡೆಗೆ, ಸಾಬೂನನ್ನು ಧಾರಾಳವಾಗಿ ಸುರಿಯುತ್ತಾರೆ. ನೂಲಿಗೆ ಕೂಡಿಕೊಳ್ಳದ ಬಿಡಿ ಬಣ್ಣವೇನೋ ಹೊರಡುತ್ತದೆ, ಅದರ ಜಾಗದಲ್ಲಿ ಸಾಬೂನು ಕೂರುತ್ತದೆ. ಆಮೇಲೆ ನೂಲು ಒರಟಾಗುತ್ತದೆ, ಗಂಜಿ ಸಮನಾಗಿ ಹಿಡಿಯುವುದಿಲ್ಲ, ಕಟ್ಟಿಟ್ಟ ಲಡಿಗಳಿಂದ (ನೂಲಿನ ಸುರುಳಿಗಳಿಂದ) ಕಮಟು ವಾಸನೆ ಬರುತ್ತದೆ. ಆದ್ದರಿಂದ ಸಾಬೂನು ಕೊಳ್ಳುವಾಗ ಅದು ಎಷ್ಟು ಬಣ್ಣ ತೆಗೆಯುತ್ತದೆ ಎಂದು ಕೇಳುವ ಮೊದಲು, ಅದು ತಾನು ಎಷ್ಟು ಸುಲಭವಾಗಿ ಹೊರಡುತ್ತದೆ ಎಂದು ನಾನು ಕೇಳುತ್ತೇನೆ. ಅಂಗಡಿಯವರಿಗೆ ಈ ಪ್ರಶ್ನೆ ಅಷ್ಟಾಗಿ ಹಿಡಿಸುವುದಿಲ್ಲ.

ಮೊದಲು ನಿಮ್ಮ ನೀರನ್ನು ನೋಡಿಕೊಳ್ಳಿ. ಎರಡು ಬಾಟಲಿಗಳಲ್ಲಿ ಒಂದಕ್ಕೆ ಕೊಳವೆಬಾವಿಯ ನೀರು, ಇನ್ನೊಂದಕ್ಕೆ ಹಿಡಿದಿಟ್ಟ ಮಳೆನೀರು ಹಾಕಿ, ಎರಡಕ್ಕೂ ಬಾರ್ ಸಾಬೂನಿನ ಸಮನಾದ ಚೂರು ಹಾಕಿ ಕುಲುಕಿ. ಮಳೆನೀರು ನೊರೆಗಟ್ಟುತ್ತದೆ. ಗಡಸು ನೀರಿನಲ್ಲಿ ನೊರೆಯ ಬದಲು ಬಿಳಿಯ ಚರಟ ತೇಲುತ್ತದೆ. ನೀರಿನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಸಾಬೂನಿನೊಂದಿಗೆ ಕೂಡಿ ಆದ ಸುಣ್ಣದ ಸಾಬೂನು ಅದು. ನೀರಿನಲ್ಲಿ ಕರಗದ ವಸ್ತುವನ್ನು ಎಷ್ಟು ನೀರಿನಲ್ಲಿ ಜಾಲಿಸಿದರೇನು? ಗಡಸು ನೀರಿನವರು ಬಾರ್ ಸಾಬೂನಿನ ಆಸೆ ಬಿಡುವುದು ಒಳ್ಳೆಯದು. ಬಿಡಲಾಗದಿದ್ದರೆ ನೀರಿನ ಗಡಸನ್ನು ಹಿಡಿದಿಡುವ ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್ ಪುಡಿಯನ್ನು ಲೀಟರಿಗೆ 1ರಿಂದ 2 ಗ್ರಾಂ ಮೊದಲು ಕರಗಿಸಿ, ನಂತರ ಸಾಬೂನು ಹಾಕಿ. ಮುಂದಿನ ಮೊದಲ ಬಿಸಿ ಜಾಲಿಕೆಗೂ ಸ್ವಲ್ಪ ಹಾಕಿ, ಏಕೆಂದರೆ ಹಂಡೆಯಲ್ಲಿ ಆಗದ ಚರಟ ಹೊಸ ಗಡಸು ನೀರು ಬಿದ್ದೊಡನೆ ಅಲ್ಲಿ ಆಗುತ್ತದೆ. ಇದೇ ಕೆಲಸಕ್ಕೆ ಇಡಿಟಿಎ ಎಂಬ ಇನ್ನೊಂದು ರಾಸಾಯನಿಕ ಸಿಗುತ್ತದೆ. ಆದರೆ ಅದು ತಾಮ್ರವಿರುವ ಕೆಲವು ಬಣ್ಣಗಳಿಂದ ತಾಮ್ರವನ್ನೇ ಎಳೆದುಕೊಂಡು ಛಾಯೆ ಕೆಡಿಸುತ್ತದೆ. ಒಂದು ಎಳೆಯ ಮೇಲೆ ನೋಡದೆ ಬಳಸಬೇಡಿ.

ಇನ್ನು ರಿಯಾಕ್ಟಿವ್ ಬಣ್ಣದ, ಅಂದರೆ ಹತ್ತಿಯ ಎಳೆಯೊಂದಿಗೇ ರಾಸಾಯನಿಕವಾಗಿ ಕೂಡಿಕೊಳ್ಳುವ ಬಣ್ಣದ, ಲಡಿಗಳ ಕ್ರಮ. ಬಣ್ಣದ ತೊಟ್ಟಿಯಿಂದ ತೆಗೆದ ನೂಲನ್ನು ನೇರವಾಗಿ ಸಾಬೂನಿಗೆ ಅದ್ದುವ ಅವಸರ ಹಲವರಿಗೆ ಇರುತ್ತದೆ. ಕಡುಬಣ್ಣದ ತೊಟ್ಟಿಯಲ್ಲಿ ಲೀಟರಿಗೆ 50ರಿಂದ 80 ಗ್ರಾಂ ಉಪ್ಪು ಇರುತ್ತದೆ, ಬಣ್ಣ ಕೂಡಲೆಂದು ಹಾಕುವ ಕ್ಷಾರವಾದ ಸೋಡಾ ಬೇರೆ. ಉಪ್ಪು ಇರುವ ತನಕ ಬಿಡಿ ಬಣ್ಣ ನೂಲನ್ನು ಬಿಡುವುದಿಲ್ಲ. ಅದೇ ಉಪ್ಪು ಸಾಬೂನನ್ನೂ ನೀರಿನಿಂದ ಹೊರದಬ್ಬುತ್ತದೆ. ಸಾಬೂನು ತಯಾರಿಸುವವರು ಸಾಬೂನನ್ನು ಬೇರ್ಪಡಿಸಲು ಉಪ್ಪು ಹಾಕುವುದು ಇದಕ್ಕೇ. ರಿಯಾಕ್ಟಿವ್ ಬಣ್ಣಗಳಲ್ಲೇ ಒಂದು ಬಗೆಯಾದ ವಿನೈಲ್ ಸಲ್ಫೋನ್ ಗುಂಪಿನವಾದರೆ, ಸೋಡಾ ಉಳಿದಿರುವಾಗ ಕುದಿಸಿದರೆ ಕೂಡಿಕೊಂಡ ಬಣ್ಣವೂ ಕಳಚಿಕೊಳ್ಳತೊಡಗುತ್ತದೆ. ಹಾಗಾಗಿ ಮೊದಲು ಎರಡು ತಣ್ಣೀರು, ಬಳಿಕ ಅಸಿಟಿಕ್ ಆಮ್ಲದ ತೆಳು ನೀರು, ಬಳಿಕ ಒಂದು ಬಿಸಿನೀರು. ಬಾರ್ ಸಾಬೂನು ಬಳಸುವವರಿಗೆ ಈ ಬಿಸಿನೀರು ಬಲು ಮುಖ್ಯ. ಆಮ್ಲ ಉಳಿದರೆ ಸಾಬೂನು ಒಡೆದು ಜಿಡ್ಡಾಗಿ ನೂಲಿಗೆ ಮೆತ್ತುತ್ತದೆ. ಕೊನೆಯಲ್ಲಿ ಹೊಳಪಿಗೆಂದು ಆಮ್ಲದ ನೀರು ಕೊಡುವವರಿಗೂ ಇದೇ ಮಾತು: ಸಾಬೂನು ಪೂರ್ತಿ ಹೋಗುವ ತನಕ ಆಮ್ಲ ಬೇಡ.

ಸೋಪಿಂಗಿಗೆ ಲೀಟರಿಗೆ 1 ಗ್ರಾಂ, ಕಡುಬಣ್ಣಕ್ಕೆ 2 ಗ್ರಾಂ ಸಾಕು. ಕುದಿಯುವ ನೀರಿನಲ್ಲಿ 10ರಿಂದ 15 ನಿಮಿಷ ಲಡಿಗಳನ್ನು ಕೋಲಿನ ಮೇಲೆ ತಿರುವುತ್ತಿರಿ. ನೀರು ಗಾಢವಾಗಿ ಬಣ್ಣವಾದರೆ ಅದೇ ಹಂಡೆಗೆ ಇನ್ನಷ್ಟು ಸಾಬೂನು ಸುರಿಯಬೇಡಿ. ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಇನ್ನೊಮ್ಮೆ ಕುದಿಸಿ. ಹಂಡೆಯಲ್ಲೇ ತಣಿಯಲೂ ಬಿಡಬೇಡಿ, ಬಿಟ್ಟುಹೋದ ಬಣ್ಣ ಮರಳಿ ನೂಲಿಗೆ ಏರುತ್ತದೆ.

ಜಾಲಿಸುವ ನೀರಿನ ಬಿಸಿ ಎಷ್ಟಿರಬೇಕು? ಇಲ್ಲಿ ಬಣ್ಣದವರಲ್ಲಿ ಜಗಳವಿದೆ. ಬಿಸಿ ಬೇಕು ಎನ್ನುವವರೂ ಬೇಡ ಎನ್ನುವವರೂ ಅರ್ಧರ್ಧ ಸರಿ. ಬಾರ್ ಸಾಬೂನು ಬಿಸಿಯಲ್ಲಿ ಚೆನ್ನಾಗಿ ಹೊರಡುತ್ತದೆ, ಅದಕ್ಕೆ ಮೊದಲ ನೀರು 70 ಡಿಗ್ರಿಯ ಮೇಲಿರಲಿ. ಲಿಸಾಪಾಲ್ ಬಗೆಯ, ನೀರಿನಲ್ಲಿ ವಿದ್ಯುದಂಶ ತಳೆಯದ (ನಾನ್‌ಅಯಾನಿಕ್) ದ್ರವ ಸಾಬೂನುಗಳ ನಡತೆ ತಿರುವುಮುರುವು. ಒಂದು ಗಾಜಿನ ಲೋಟದ ನೀರಿಗೆ ಅದನ್ನು ಅರ್ಧ ಚಮಚ ಹಾಕಿ ನಿಧಾನವಾಗಿ ಬಿಸಿ ಮಾಡಿ ನೋಡಿ. ಒಂದು ಹಂತದಲ್ಲಿ ತಿಳಿನೀರು ಹಾಲಿನಂತೆ ಮಸುಕಾಗುತ್ತದೆ, ತಣಿದರೆ ಮತ್ತೆ ತಿಳಿಯಾಗುತ್ತದೆ. ಮಸುಕಾದ ಬಿಸಿಯಲ್ಲಿ ಆ ದ್ರವ ನೀರಿನಲ್ಲಿ ಕರಗಿರುವುದಿಲ್ಲ, ನೂಲಿನ ಮೇಲೆ ಕೂರುವುದಕ್ಕೆ ನೋಡುತ್ತದೆ. ಹಲವು ದ್ರವಗಳಿಗೆ ಇದು 50 ಮತ್ತು 80 ಡಿಗ್ರಿಗಳ ನಡುವೆ ಎಲ್ಲೋ ಇರುತ್ತದೆ, ಉಪ್ಪು ಉಳಿದಿದ್ದರೆ ಇನ್ನೂ ಕೆಳಕ್ಕೆ ಇಳಿಯುತ್ತದೆ. ಮಸುಕಾಗುವ ಬಿಸಿಯನ್ನು ಡಬ್ಬಿಯ ಮೇಲೆ ಬರೆದಿಡಿ. ಬಿಡಿ ಬಣ್ಣವನ್ನು ಸಾಗಹಾಕಲು ಒಂದು ಬಿಸಿನೀರು ಕೊಟ್ಟರೂ, ಸಾಬೂನು ಹೋಗಲು ಬೇಕಾದ ಮುಂದಿನ ನೀರುಗಳು ಆ ಅಂಕಿಗಿಂತ ಸಾಕಷ್ಟು ಕೆಳಗಿರಲಿ.

ಈಗ ಹಿಂಡುವ ವಿಷಯ. ಇದರ ಲೆಕ್ಕವನ್ನು ನನ್ನ ಬಳಿ ಕೆಲಸ ಕಲಿಯಲು ಬರುವ ಹುಡುಗರಿಂದ ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಬರೆಸುತ್ತೇನೆ. ಒಂದು ಕಿಲೋ ನೂಲು ಸುಮ್ಮನೆ ಎತ್ತಿ ಸೋರಿಸಿದರೆ ಸುಮಾರು 3 ಲೀಟರ್ ನೀರನ್ನು ಹೊತ್ತು ಬರುತ್ತದೆ ಎಂದುಕೊಳ್ಳಿ. ಅದನ್ನು 10 ಲೀಟರ್ ಹೊಸ ನೀರಿಗೆ ಹಾಕಿದರೆ ಒಟ್ಟು 13. ಎತ್ತಿದಾಗ ಹಳೆಯ ಸಾಬೂನಿನ ಹದಿಮೂರರಲ್ಲಿ ಮೂರು ಪಾಲು ನೂಲಿನಲ್ಲೇ ಉಳಿಯುತ್ತದೆ. ಹೀಗೆ ಮೂರು ಸಲ ಮಾಡಿದರೆ ಶೇ 1.2ರಷ್ಟು ಉಳಿಯುತ್ತದೆ. ಅದೇ 30 ಲೀಟರನ್ನು ಒಂದೇ ಸಲಕ್ಕೆ ಸುರಿದಿರೋ, ಶೇ 9 ಉಳಿಯುತ್ತದೆ. ಪ್ರತಿ ಸಲವೂ 1 ಲೀಟರ್ ಉಳಿಯುವಷ್ಟು ಹಿಂಡಿ 10 ಲೀಟರಿನಲ್ಲಿ ಅದ್ದಿದರೆ ಮೊದಲ ಸಲಕ್ಕೇ ಶೇ 9ಕ್ಕೆ ಬಂದಿರುತ್ತದೆ, ಮೂರನೆಯದಕ್ಕೆ ಶೇ 0.1ಕ್ಕಿಂತಲೂ ಕೆಳಗೆ. ಅಂದರೆ ಒಂದು ಒಳ್ಳೆಯ ಹಿಂಡುವಿಕೆ ಇಪ್ಪತ್ತು ಲೀಟರ್ ನೀರನ್ನು ಉಳಿಸಿತು. ಎಳೆಗೆ ಅಂಟಿಕೊಂಡ ಸಾಬೂನು ಈ ಲೆಕ್ಕಕ್ಕೆ ಪೂರ್ತಿ ಸಿಗುವುದಿಲ್ಲ ನಿಜ, ಆದರೆ ಬೇಸಿಗೆಯಲ್ಲಿ ಟ್ಯಾಂಕರ್ ನೀರು ಕೊಳ್ಳುವವನಿಗೆ ಇಷ್ಟು ಸಾಕು.

ಹೊರದೇಶಕ್ಕೆ ಮಾಲು ಕಳಿಸುವವರಿಗೆ ಇದು ಉಳಿತಾಯದ ಮಾತಷ್ಟೇ ಅಲ್ಲ. ಹಳೆಯ ಬಗೆಯ ದ್ರವ ಸಾಬೂನುಗಳಲ್ಲಿರುವ ನೊನೈಲ್ ಫಿನಾಲ್ ಇಥಾಕ್ಸಿಲೇಟ್ ಎಂಬ ರಾಸಾಯನಿಕವು, ನೀರಿನಲ್ಲಿ ಒಗೆಯುವಂಥ ಬಟ್ಟೆಯ ತೂಕದಲ್ಲಿ ಶೇ 0.01 ಮುಟ್ಟಿದರೆ, 2021ರ ಫೆಬ್ರುವರಿಯಿಂದ ಐರೋಪ್ಯ ಒಕ್ಕೂಟದಲ್ಲಿ ಆ ಬಟ್ಟೆಯನ್ನು ಮಾರುವಂತಿಲ್ಲ. ಕಿಲೋಗೆ 100 ಮಿಲಿಗ್ರಾಂ. ಇಂಥ ಗಿರಾಕಿ ಇದ್ದರೆ ಆ ದ್ರವವನ್ನು ಶೆಡ್ಡಿಗೇ ತರಬೇಡಿ.

ಸಾಬೂನು ಹೋಗಿದೆಯೇ ಎಂದು ತಿಳಿಯಲು ಎಲ್ಲರೂ ಮಾಡುವುದು ನೊರೆ ಪರೀಕ್ಷೆ. "ನೊರೆ ಹೋಯಿತಲ್ಲ ಕಾಕಾ, ಸಾಕಲ್ಲ?" ಎಂದು ಹುಡುಗರು ಕೇಳುವುದು ತೊಟ್ಟಿಯ ಮೇಲ್ಮೈ ನೋಡಿ. ಅಲ್ಲಿ ನೋಡಿ ಪ್ರಯೋಜನವಿಲ್ಲ. ಲಡಿಗೆ ದಾರ ಕಟ್ಟಿರುವ ಜಾಗದಲ್ಲಿ ನೀರು ಸರಿಯಾಗಿ ಹಾಯುವುದಿಲ್ಲ. ಅಲ್ಲಿಂದ ಹಿಂಡಿದ ನೀರನ್ನು ಬಾಟಲಿಗೆ ಹಿಡಿದು, ಪಕ್ಕದ ಬಾಟಲಿಯಲ್ಲಿ ಬರಿಯ ನಲ್ಲಿ ನೀರಿಟ್ಟು, ಎರಡನ್ನೂ ಒಂದೇ ಸಮ ಕುಲುಕಿ. ಗುಳ್ಳೆಗಳು ಎರಡರಲ್ಲೂ ಒಟ್ಟಿಗೆ ಒಡೆದರೆ ಸರಿ. ನೊರೆಯೇ ಬರದ ಪಾಲಿಮರ್ ಸಾಬೂನುಗಳಿಗೆ ಮತ್ತು ನೊರೆ ತಡೆಯುವ ಮದ್ದು ಬೆರೆತವಕ್ಕೆ ಈ ಪರೀಕ್ಷೆ ಸುಳ್ಳು ಹೇಳುತ್ತದೆ. ಬಣ್ಣ ಗಟ್ಟಿ ಮಾಡುವ ಫಿಕ್ಸರ್ ನಿಮ್ಮಲ್ಲಿದ್ದರೆ ಕೊನೆಯ ನೀರಿನ ಒಂದು ಲೋಟಕ್ಕೆ ಅದರ ಕೆಲವು ಹನಿ ಬಿಡಿ. ನೀರು ಮಸುಕಾದರೆ ಸಾಬೂನೋ ಬಿಡಿ ಬಣ್ಣವೋ ಇನ್ನೂ ಇದೆ. ಆ ಸ್ಥಿತಿಯಲ್ಲಿ ನೂಲಿಗೆ ಫಿಕ್ಸರ್ ಕೊಟ್ಟರೆ ಲೋಟದಲ್ಲಿ ಆದ ಮಸುಕೇ ಎಳೆಯ ಮೇಲೆ ಅಂಟುಕಲೆಯಾಗುತ್ತದೆ.

ಸುಣ್ಣದ ಸಾಬೂನು ಈಗಾಗಲೇ ಕೂತ ನೂಲು ಕೈಗೆ ಬಂದರೆ ಬರಿಯ ಆಮ್ಲ ಹಾಕಬೇಡಿ, ಚರಟ ಹೋಗಿ ಜಿಡ್ಡು ಉಳಿಯುತ್ತದೆ. ಹೆಕ್ಸಾಮೆಟಾಫಾಸ್ಫೇಟ್ ಮತ್ತು ಗಡಸು ನೀರಿಗೆ ಜಗ್ಗದ ಡಿಟರ್ಜೆಂಟ್ ಹಾಕಿದ ಬಿಸಿನೀರಿನಲ್ಲಿ ತೊಳೆಯಿರಿ.

ರೇಷ್ಮೆ ಸೆರಗಿನ ನೂಲಿಗೆ ಇಷ್ಟೆಲ್ಲ ಕುದಿತ ಬೇಡ. ಅದಕ್ಕೆ ಅಂಟುವಾಳವೇ ನನಗೆ ಇಷ್ಟ. ಗಡಸು ನೀರಿನಲ್ಲೂ ಅದು ಚರಟ ಕಟ್ಟುವುದಿಲ್ಲ. ಕಾಯಿಯನ್ನು ನೆನೆಸಿ, ಕಿವುಚಿ, ಬಟ್ಟೆಯಲ್ಲಿ ಸೋಸಿಯೇ ಹಾಕಿ, ಇಲ್ಲವಾದರೆ ಸಿಪ್ಪೆಯ ಚೂರುಗಳನ್ನು ಎಳೆಗಳಿಂದ ಹೆಕ್ಕುತ್ತ ಕೂರಬೇಕಾಗುತ್ತದೆ.

ಕೊನೆಯ ಜಾಲಿಕೆಯ ನೀರು ಬಹುತೇಕ ತಿಳಿಯಾಗಿರುತ್ತದೆ, ಚೆಲ್ಲಬೇಡಿ. ಮುಂದಿನ ಕಡುಬಣ್ಣದ ಲಡಿಗಳ ಉಪ್ಪು ಬಿಡಿಸುವ ಮೊದಲ ತಣ್ಣೀರಿಗೆ ಅದು ನಡೆಯುತ್ತದೆ. ತಿಳಿಬಣ್ಣದ ನೂಲಿಗೆ ಮಾತ್ರ ಹೊಸ ನೀರನ್ನೇ ಹಾಕಿ.