ಮುಂಡರಗಿಯ ನೀರಿಗೆ ಆಮ್ಲ ಹನಿಸಿದ ಅನುಭವ

ನಿಯಂತ್ರಣ ವ್ಯವಸ್ಥೆಗಳನ್ನು ಓದಿಕೊಂಡಿದ್ದ ನಾನು ಪರಿಸರ ರಸಾಯನಶಾಸ್ತ್ರದ ಕಡೆಗೆ ಹೊರಳಿದ್ದು ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕಿನ ಬೋರ್‌ವೆಲ್ ನೀರಿನ ದೆಸೆಯಿಂದ. ಅಲ್ಲಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ಇರಬಹುದು ಎನ್ನುತ್ತದೆ ಭಾರತೀಯ ಮಾನಕ. ಆಕ್ಟಿವೇಟೆಡ್ ಅಲ್ಯುಮಿನಾದ ಹರಳುಗಳ ನಡುವೆ ನೀರು ಹಾಯಿಸಿದರೆ ಫ್ಲೋರೈಡ್ ಅವುಗಳಿಗೆ ಅಂಟಿಕೊಳ್ಳುತ್ತದೆ. ಆದರೆ ನೀರಿನ ಪಿಎಚ್ (ಆಮ್ಲೀಯತೆಯ ಅಳತೆ; ಅಂಕಿ ಇಳಿದಷ್ಟೂ ನೀರು ಹೆಚ್ಚು ಆಮ್ಲೀಯ) 5.5ರಿಂದ 6ರ ನಡುವೆ ಇದ್ದಾಗಲೇ ಅದು ಚೆನ್ನಾಗಿ ಹಿಡಿಯುವುದು. ಆ ಹದಕ್ಕೆ ತರಲು ಆಮ್ಲ ಹನಿಸುವ ಪಂಪನ್ನು ಪಿಐಡಿ ನಿಯಂತ್ರಕದಿಂದ ನಡೆಸುವುದು ನನ್ನ ಕೆಲಸವಾಗಿತ್ತು. ಬೇಕಾದ ಪಿಎಚ್‌ಗೂ ಅಳೆದ ಪಿಎಚ್‌ಗೂ ಇರುವ ವ್ಯತ್ಯಾಸ ನೋಡಿ ಪಂಪಿನ ವೇಗವನ್ನು ತಾನೇ ತಿದ್ದುವ ಸಾಧನ ಅದು.

ಧಾರವಾಡದ ಪ್ರಯೋಗಾಲಯದಲ್ಲಿ ನಲ್ಲಿಯ ನೀರಿಗೆ ಫ್ಲೋರೈಡ್ ಬೆರೆಸಿ, ಜೀಗ್ಲರ್ ಮತ್ತು ನಿಕೋಲ್ಸ್ 1942ರಲ್ಲಿ ಕೊಟ್ಟ ವಿಧಾನದಂತೆ ನಿಯಂತ್ರಕದ ಗುಣಾಂಕಗಳನ್ನು, ಅಂದರೆ ವ್ಯತ್ಯಾಸಕ್ಕೆ ಅದು ಎಷ್ಟು ಜೋರಾಗಿ ಸ್ಪಂದಿಸಬೇಕು ಎಂಬ ಅಂಕಿಗಳನ್ನು, ಹೊಂದಿಸಿದೆ. ಎಲ್ಲವೂ ಸರಿಯಾಗಿ ನಡೆಯಿತು. ಅದೇ ಗುಣಾಂಕಗಳು ಊರಿನಲ್ಲಿ ಕೈಕೊಟ್ಟವು. ಪಿಎಚ್ 8ರಿಂದ ಬೇಗ ಇಳಿದು 6.4ರ ಹತ್ತಿರ ಅಲುಗಾಡದೆ ನಿಂತಂತಾಯಿತು, ಪಂಪ್ ಪೂರ್ಣ ವೇಗದಲ್ಲಿ ಓಡುತ್ತಲೇ ಇತ್ತು, ಆಮೇಲೆ ನೋಡನೋಡುತ್ತಿದ್ದಂತೆ ಅಂಕಿ 4ಕ್ಕಿಂತ ಕೆಳಗೆ ಕುಸಿಯಿತು. ಅಷ್ಟು ಆಮ್ಲೀಯ ನೀರಿನಲ್ಲಿ ಅಲ್ಯುಮಿನಾವೇ ಕರಗಿ ಅಲ್ಯುಮಿನಿಯಂ ನೀರಿಗೆ ಸೇರತೊಡಗುತ್ತದೆ. ಜನ ಕುಡಿಯುವ ನೀರಿನ ವಿಷಯದಲ್ಲಿ ಇದು ಸಣ್ಣ ತಪ್ಪಲ್ಲ.

ಕಾರಣ ನೀರಿನಲ್ಲಿದ್ದ ಬೈಕಾರ್ಬೊನೇಟ್. ಆಮ್ಲ ಬಿದ್ದಾಗ ಅದು ಕಾರ್ಬೊನಿಕ್ ಆಮ್ಲವಾಗುತ್ತದೆ. ಆ ಆಮ್ಲದ ಮೊದಲ ಪಿಕೆಎ (ಎರಡೂ ಸಮಸಮವಾಗಿರುವ ಪಿಎಚ್) ಸುಮಾರು 6.35 ಆದ್ದರಿಂದ ಅಲ್ಲಿ ನೀರು ಆಮ್ಲವನ್ನು ನುಂಗುತ್ತಲೇ ಹೋಗುತ್ತದೆ, ಬೈಕಾರ್ಬೊನೇಟ್ ತೀರಿದೊಡನೆ ಒಂದೆರಡು ಹನಿಗೇ ಪಿಎಚ್ ಧುಮುಕುತ್ತದೆ. ನೀರು ನುಂಗುತ್ತಿದ್ದಷ್ಟು ಹೊತ್ತೂ ನಿಯಂತ್ರಕದ ಇಂಟಿಗ್ರಲ್ ಪದ (ಹಿಂದಿನ ವ್ಯತ್ಯಾಸಗಳನ್ನೆಲ್ಲ ಕೂಡಿಸುತ್ತ ಹೋಗುವ ಭಾಗ) ಬೆಳೆದು ಕುಳಿತಿತ್ತು. ಅದಕ್ಕೆ ಮಿತಿ ಹಾಕಿದೆ, ಅಷ್ಟು ಸಾಲಲಿಲ್ಲ.

ಊರಿನ ವಾಟರ್‌ಮನ್ ಒಂದು ದಿನ, "ಸರ, ಮಳಿ ಚಲೋ ಆತಂದ್ರ ಈ ಬೋರಿನ ನೀರಿನ ರುಚಿನ ಬ್ಯಾರೆ ಆಗತೈತ್ರಿ, ಸವಳು ಕಡಿಮಿ ಆಗತೈತಿ" ಎಂದರು. ಆ ಮಾತು ಕೇಳಿದ ಮೇಲೆ ನಾನು ವಾರಕ್ಕೊಮ್ಮೆ ಬ್ಯೂರೆಟ್ ಹಿಡಿದು ಆ ನೀರಿನ ಕ್ಷಾರತೆಯನ್ನು, ಅಂದರೆ ಅದು ಎಷ್ಟು ಆಮ್ಲ ನುಂಗಬಲ್ಲದು ಎಂಬುದನ್ನು, ಅಳೆಯತೊಡಗಿದೆ. ಮಳೆಗಾಲ ಬಂದಂತೆ ಅದು ನಿಜವಾಗಿಯೂ ತಗ್ಗಿತು. ಈಗ ಆ ಅಳತೆಯಿಂದ ಆಮ್ಲದ ಪ್ರಮಾಣವನ್ನು ಮೊದಲೇ ಲೆಕ್ಕ ಹಾಕಿ ಪಂಪಿಗೆ ಕೊಡುತ್ತೇನೆ. ಉಳಿದ ಚೂರುಪಾರು ವ್ಯತ್ಯಾಸವನ್ನು ಮಾತ್ರ ಪಿಐಡಿ ತಿದ್ದುತ್ತದೆ.

ಇನ್ನೊಂದು ಸಂಗತಿ ನನ್ನನ್ನು ಬಹಳ ದಿನ ಕಾಡಿತು. ಆಮ್ಲ ಬೆರೆತೊಡನೆ 5.8 ತೋರಿಸಿದ ನೀರು ಬೀಕರಿನಲ್ಲಿ ಸ್ವಲ್ಪ ಹೊತ್ತು ನಿಂತರೆ ಅದಕ್ಕಿಂತ ಹೆಚ್ಚು ತೋರಿಸುತ್ತಿತ್ತು. ಪಿಎಚ್ ಅಳೆಯುವ ಎಲೆಕ್ಟ್ರೋಡು ಕೆಟ್ಟಿದೆಯೆಂದು ಅದನ್ನು ಎರಡು ಸಲ ಬದಲಿಸಿದೆ. ಒಂದು ಸಂಜೆ ಬೀಕರನ್ನು ಬೆಳಕಿಗೆ ಹಿಡಿದಾಗ ಗಾಜಿನ ಒಳಮೈಗೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಸಾಲಾಗಿ ಅಂಟಿದ್ದು ಕಂಡಿತು: ಆಮ್ಲದಿಂದ ಬಿಡುಗಡೆಯಾದ ಇಂಗಾಲದ ಡೈಆಕ್ಸೈಡ್ ಹೊರಹೋಗುತ್ತಿತ್ತು, ಅದರಿಂದಲೇ ಪಿಎಚ್ ಏರುತ್ತಿತ್ತು. ಎಲೆಕ್ಟ್ರೋಡನ್ನು ತೆರೆದ ತೊಟ್ಟಿಯಿಂದ ತೆಗೆದು, ಆಮ್ಲ ಬೆರೆತ ಜಾಗದ ಮುಂದೆ, ಗಾಳಿ ಸೇರದ ಕೊಳವೆಯೊಳಗೆ ಕೂರಿಸಿದೆ. ಫ್ಲೋರೈಡ್ ಕಳೆದ ನೀರನ್ನು ಈಗ ಕೊನೆಯ ತೊಟ್ಟಿಗೆ ಎತ್ತರದಿಂದ ಹನಿಹನಿಯಾಗಿ ಬೀಳಿಸುತ್ತೇವೆ. ಅಲ್ಲಿ ಅದೇ ಅನಿಲ ಹೊರಟುಹೋಗಿ, ಸುಣ್ಣ ಬೆರೆಸದೆಯೇ ಪಿಎಚ್ ಕುಡಿಯಲು ತಕ್ಕ 6.5ನ್ನು ದಾಟುತ್ತದೆ.